1-0 ಗೆದ್ದ ಮೇಲೂ ಗೊಣಗುವವರ ಪರವಾಗಿ

ತಾವು ಕೇಳಿರುವುದು ಇಷ್ಟು: ಫುಟ್‌ಬಾಲ್ ನೋಡಲು ಈಚೆಗಷ್ಟೇ ಆರಂಭಿಸಿದ್ದೀರಿ, ತಮ್ಮ ತಂಡ ಒಂದೇ ಗೋಲಿನಿಂದ ಹೇಗೋ ಗೆದ್ದ ದಿನ ಹಳೆಯ ಅಭಿಮಾನಿಗಳು ಸೋತವರಿಗಿಂತ ಹೆಚ್ಚಾಗಿ ಬೈದುಕೊಳ್ಳುತ್ತಿದ್ದರು, ಮೂರು ಅಂಕ ಕೈಗೆ ಬಂದ ಮೇಲೂ ಇವರಿಗೆ ಸಮಾಧಾನವಿಲ್ಲವೇಕೆ? ನಾನು ದಾವಣಗೆರೆಯವನು. ಬೆಂಗಳೂರು ಎಫ್‌ಸಿ ತಂಡವನ್ನು ಅದು 2013ರಲ್ಲಿ ಹುಟ್ಟಿದಾಗಿನಿಂದ ನೋಡುತ್ತ ಬಂದಿದ್ದೇನೆ ಮತ್ತು ಹಾಗೆ ಬೈದುಕೊಳ್ಳುವವರಲ್ಲಿ ನಾನೂ ಒಬ್ಬ. ಆದ್ದರಿಂದ ಈ ಉತ್ತರದಲ್ಲಿ ನಿಷ್ಪಕ್ಷಪಾತವನ್ನು ನಿರೀಕ್ಷಿಸಬೇಡಿ.

ಈ ಪ್ರಶ್ನೆ ಬಂದಾಗಲೆಲ್ಲ ನನಗೆ ನೆನಪಾಗುವುದು 2023ರ ಮಾರ್ಚ್ 3 ಮತ್ತು 4. ಎರಡು ದಿನವೂ ಗೆದ್ದವರು ನಮ್ಮವರೇ, ಎರಡು ದಿನವೂ ಅಂತರ ಒಂದೇ ಗೋಲು. ಮೊದಲ ರಾತ್ರಿ ಯಾರಿಗೂ ಊಟ ರುಚಿಸಲಿಲ್ಲ, ಎರಡನೆಯ ರಾತ್ರಿ ಯಾರಿಗೂ ನಿದ್ದೆ ಬರಲಿಲ್ಲ.

ಮಾರ್ಚ್ 3ರಂದು ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್‌ನ ಪ್ಲೇಆಫ್ ಪಂದ್ಯ, ಎದುರಿಗೆ ಕೇರಳ ಬ್ಲಾಸ್ಟರ್ಸ್. ಲೀಗಿನ ಕೊನೆಯಲ್ಲಿ ಸತತವಾಗಿ ಎಂಟು ಪಂದ್ಯ ಗೆದ್ದು ಬಂದಿದ್ದ ನಮ್ಮ ತಂಡದ ಮೇಲೆ ಆಕಾಶದಷ್ಟು ಭರವಸೆ ಇಟ್ಟುಕೊಂಡು ನಾವು ಏಳು ಜನ ವಿದ್ಯಾನಗರದಲ್ಲಿ ಗೆಳೆಯನೊಬ್ಬನ ಮನೆಯ ಮಹಡಿ ಕೋಣೆಯಲ್ಲಿ ಸೇರಿದ್ದೆವು. ನಡುವೆ ಹಳೆಯ ದಿನಪತ್ರಿಕೆಯ ಮೇಲೆ ಸುರಿದ ಮಂಡಕ್ಕಿ, ಪಕ್ಕದಲ್ಲಿ ಎಣ್ಣೆ ಬಿಟ್ಟ ಮಿರ್ಚಿ ಪೊಟ್ಟಣ. ತೊಂಬತ್ತು ನಿಮಿಷ ಮುಗಿದರೂ ಒಂದು ಗೋಲೂ ಇಲ್ಲ. ಹೆಚ್ಚುವರಿ ಸಮಯದ 96ನೆಯ ನಿಮಿಷದಲ್ಲಿ ಎದುರಾಳಿಯ ತಪ್ಪಿಗಾಗಿ ನಮಗೊಂದು ಫ್ರೀ ಕಿಕ್ ದಕ್ಕಿತು. ಕೇರಳದ ಗೋಲ್‌ಕೀಪರ್ ಇನ್ನೂ ತನ್ನವರನ್ನು ಗೋಡೆಯಂತೆ ನಿಲ್ಲಿಸುವ ಗಡಿಬಿಡಿಯಲ್ಲಿದ್ದಾಗಲೇ ಸುನಿಲ್ ಛೆಟ್ರಿ ಚೆಂಡನ್ನು ಮೆಲ್ಲಗೆ ಎತ್ತಿ ಗೋಲಿನೊಳಕ್ಕೆ ಹಾಕಿಬಿಟ್ಟರು. ನಮ್ಮ ಕೋಣೆಯಲ್ಲಿ ಕೂಗು ಏಳಲಿಲ್ಲ. ಅರ್ಧ ಕಚ್ಚಿದ ಮಿರ್ಚಿಯನ್ನು ಕೈಯಲ್ಲೇ ಹಿಡಿದುಕೊಂಡು ಒಬ್ಬ, "ಇದು ಗೋಲಾ?" ಎಂದು ಕೇಳಿದ. ಅಷ್ಟರಲ್ಲಿ, ತಮ್ಮವರು ಸಿದ್ಧರಾಗುವ ಮೊದಲೇ ಒದ್ದ ಈ ಗೋಲನ್ನು ಒಪ್ಪದ ಕೇರಳದ ಕೋಚ್ ಇವಾನ್ ವುಕೊಮಾನೊವಿಚ್ ತಮ್ಮ ಆಟಗಾರರನ್ನು ಮೈದಾನದಿಂದ ಹೊರಕ್ಕೆ ಕರೆದರು. ಅವರು ಮರಳಿ ಬರಲೇ ಇಲ್ಲ, ಪಂದ್ಯ ನಮ್ಮದಾಯಿತು.

ನಿಯಮದ ಲೆಕ್ಕದಲ್ಲಿ ಆ ಗೋಲಿನಲ್ಲಿ ದೋಷವಿರಲಿಲ್ಲವೆಂದೇ ನಾನು ತಿಳಿದಿದ್ದೇನೆ. ಎದುರಾಳಿಗಳು 9.15 ಮೀಟರ್ ದೂರ ನಿಲ್ಲಬೇಕೆಂಬುದು ಚೆಂಡು ಒದೆಯುವವರ ಅನುಕೂಲಕ್ಕಾಗಿ ಇರುವ ನಿಯಮ; ಆ ಅನುಕೂಲ ಬೇಡವೆಂದವರು ತಡಮಾಡದೆ ಒದೆಯಬಹುದು. ಕೇರಳದವರ ದೂರು ಅನಂತರ ತಿರಸ್ಕೃತವಾಯಿತು, ತಂಡಕ್ಕೆ ನಾಲ್ಕು ಕೋಟಿ ರೂಪಾಯಿ ದಂಡ ಬಿತ್ತು, ಕೋಚ್‌ಗೆ ಹತ್ತು ಪಂದ್ಯಗಳ ನಿಷೇಧವಾಯಿತು. ಇವೆಲ್ಲ ಆಮೇಲಿನ ಮಾತು. ಆ ರಾತ್ರಿ ಮಾತ್ರ ಗೆಳೆಯನ ತಾಯಿ ಮೇಲೆ ಬಂದು, "ಗೆದ್ದಾರಂತಲ್ರೋ, ಮತ್ಯಾಕೆ ಹಿಂಗ್ ಕುಂತೀರಿ?" ಎಂದು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ತಮ್ಮ ಪ್ರಶ್ನೆಯೂ ಅದೇ.

ಮಾರನೆಯ ದಿನ ಸೌದಿ ಅರೇಬಿಯಾದ ರಿಯಾದ್‌ನಲ್ಲಿ, ನಮ್ಮ ದೇಶದ ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿಯ ಫೈನಲ್. ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿತು. ವಿರಾಮದ ಹೊತ್ತಿಗೆ 3-1 ಇದ್ದ ಅಂತರ ದ್ವಿತೀಯಾರ್ಧದಲ್ಲಿ ಒಂದು ಗೋಲಿಗೆ ಇಳಿಯಿತು. ಇದೂ ಕೂದಲೆಳೆಯ ಗೆಲುವೇ, ಆದರೆ ಒಬ್ಬನೂ ತುಟಿ ಪಿಟಕ್ಕೆನ್ನಲಿಲ್ಲ. ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರಿದ್ದ 1968-69ರಲ್ಲಿ ಗೆದ್ದ ಮೇಲೆ 54 ವರ್ಷಗಳ ಕಾಲ ಕೈಗೆ ಸಿಗದಿದ್ದ ಟ್ರೋಫಿ ಅದು. ಯಾರೂ ನೆಚ್ಚಿಕೊಂಡು ಕೂತಿರಲಿಲ್ಲ, ಆದ್ದರಿಂದ ಬಂದದ್ದೆಲ್ಲ ಲಾಭವೇ. ಹಿಂದಿನ ರಾತ್ರಿ ಹಾಗಲ್ಲ. ಎಂಟು ಪಂದ್ಯ ಗೆದ್ದ ತಂಡ ಇನ್ನೇನು ಉರುಳಿಸಿಬಿಡುತ್ತದೆ ಎಂದು ಮನಸ್ಸಿನಲ್ಲೇ ಗೋಲುಗಳನ್ನು ಎಣಿಸಿಕೊಂಡು ಕೂತವರು ನಾವು. ನಾವು ಎಣಿಸಿಕೊಂಡಿದ್ದ ತಂಡಕ್ಕೂ ಕಣ್ಣೆದುರು ಆಡಿದ ತಂಡಕ್ಕೂ ಎಷ್ಟು ದೂರವಿತ್ತೋ ನಮ್ಮ ಗೊಣಗಾಟ ಅಷ್ಟು ಉದ್ದವಾಗಿತ್ತು.

ಕ್ರಿಕೆಟಿಗ ವಿನಯ್ ಕುಮಾರ್ ಅವರ ಊರಾದ ದಾವಣಗೆರೆಯಲ್ಲಿ ಕ್ರಿಕೆಟ್ಟಿಗೇ ಮೊದಲ ಮಣೆ, ಆದ್ದರಿಂದ ಇಲ್ಲಿ ಈ ಗೊಣಗಾಟವನ್ನು ವಿವರಿಸುವುದು ಇನ್ನೂ ಕಷ್ಟ. ಕ್ರಿಕೆಟ್ಟಿನಲ್ಲಿ ಒಂದು ವಿಕೆಟ್ಟಿನಿಂದ ಗೆದ್ದರೆ ಹಬ್ಬವಾಗುತ್ತದೆ, ಏಕೆಂದರೆ ಪ್ರತಿ ಎಸೆತವೂ ಲೆಕ್ಕಕ್ಕೆ ಬಿದ್ದಿರುತ್ತದೆ. ಸ್ಕೋರ್‌ಕಾರ್ಡ್ ಓದಿದವನಿಗೂ ಪಂದ್ಯ ಬಹುಪಾಲು ಕಂಡಂತೆಯೇ. ಫುಟ್‌ಬಾಲಿನ 1-0 ಎಂಬ ಅಂಕಿಯ ಹಿಂದೆ ತೊಂಬತ್ತು ನಿಮಿಷವೂ ಚೆಂಡನ್ನು ತನ್ನದಾಗಿಸಿಕೊಂಡು ಆಡಿದ ತಂಡವೂ ಇರಬಹುದು, ಮೂರು ಸಲ ಗೋಲುಕಂಬದ ಕೃಪೆಯಿಂದ ಬದುಕಿಕೊಂಡ ತಂಡವೂ ಇರಬಹುದು. ಅಂಕಪಟ್ಟಿಗೆ ಇವೆರಡರ ನಡುವೆ ಭೇದವಿಲ್ಲ. ಗೆಲುವಿಗೆ ಎರಡರ ಬದಲು ಮೂರು ಅಂಕ ಕೊಡುವ ಪದ್ಧತಿ ಇಂಗ್ಲೆಂಡಿನ ಲೀಗಿನಲ್ಲಿ 1981ರಲ್ಲೂ ವಿಶ್ವಕಪ್‌ನಲ್ಲಿ 1994ರಲ್ಲೂ ಬಂದ ಮೇಲಂತೂ 1-0 ಇನ್ನಷ್ಟು ಬೆಲೆಯುಳ್ಳದ್ದಾಯಿತು. ಗೆಲುವು ಗೆಲುವೇ ಎಂಬ ತಮ್ಮ ಮಾತು ಪಟ್ಟಿಯ ಮಟ್ಟಿಗೆ ಪೂರ್ತಿ ಸರಿ.

ಆದರೆ ನೋಡುವವನ ಕಣ್ಣು ಪಟ್ಟಿಯ ಮೇಲಿರುವುದಿಲ್ಲ. ನಮ್ಮೂರಿನ ದುರ್ಗಾಂಬಿಕಾ ದೇವಿಯ ಜಾತ್ರೆಯ ಬಯಲು ಕುಸ್ತಿಯಲ್ಲಿ ಇದು ನನಗೆ ಮೊದಲು ಅರ್ಥವಾಯಿತು. ಒಂದು ಜೋಡಿಯಲ್ಲಿ, ಎದುರಾಳಿ ತಾನೇ ಕಾಲು ಜಾರಿ ಬಿದ್ದು ಅವನ ಬೆನ್ನು ಮಣ್ಣಿಗೆ ತಾಗಿತು. ಚಿತ್ತಾಯಿತೆಂದು ತೀರ್ಪಾಯಿತು, ಮೇಲಿದ್ದವನಿಗೆ ಇನಾಮೂ ಸಿಕ್ಕಿತು. ನನ್ನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ಹಿರಿಯರೊಬ್ಬರು ಹೆಗಲ ಟವೆಲ್ ಕೊಡವಿ, "ಅವ್ನೇ ಬಿದ್ದ, ಇವ್ನು ಎಲ್ಲಿ ಪಟ್ಟು ಹಾಕಿದ?" ಎಂದರು. ಅವರು ತೀರ್ಪನ್ನು ಪ್ರಶ್ನಿಸುತ್ತಿರಲಿಲ್ಲ. ಮುಂದಿನ ಜೋಡಿಯಲ್ಲಿ ಇವನ ಗತಿಯೇನು ಎಂದು ಲೆಕ್ಕ ಹಾಕುತ್ತಿದ್ದರು.

ಹಳೆಯ ಅಭಿಮಾನಿಗಳು ಮಾಡುವುದೂ ಇದನ್ನೇ. ಗೋಲು ಹೊಡೆದ ಮೇಲೆ ನಮ್ಮ ರಕ್ಷಣಾ ಸಾಲು ಹತ್ತು ಹೆಜ್ಜೆ ಹಿಂದಕ್ಕೆ ಸರಿಯಿತೇ, ಒದ್ದು ದೂರ ಕಳಿಸಿದ ಚೆಂಡು ಹತ್ತೇ ಸೆಕೆಂಡಿನಲ್ಲಿ ಮತ್ತೆ ನಮ್ಮ ಗೋಲಿನ ಮುಂದೆಯೇ ಬಂತೇ, ಪಂದ್ಯದ ಶ್ರೇಷ್ಠ ಆಟಗಾರ ನಮ್ಮ ಗೋಲ್‌ಕೀಪರೇ ಆದನೇ ಎಂಬುದನ್ನೆಲ್ಲ ಅವರು ನೋಡುತ್ತಿರುತ್ತಾರೆ. ಈ ಮೂರಕ್ಕೂ ಹೌದು ಎಂಬ ಉತ್ತರ ಬಂದರೆ ಕೊನೆಯ ಸೀಟಿ ಊದಿದಾಗ ಬರುವುದು ಸಂತೋಷವಲ್ಲ, ಬಿಡುಗಡೆಯ ನಿಟ್ಟುಸಿರು. ಅದರ ಹಿಂದೆಯೇ ಅಷ್ಟು ಹೊತ್ತು ಅದುಮಿಟ್ಟ ಭಯವೆಲ್ಲ ಬೈಗುಳವಾಗಿ ಹೊರಬರುತ್ತದೆ. ಸಂತೆಯಲ್ಲಿ ಕೈ ಬಿಡಿಸಿಕೊಂಡು ಹೋದ ಮಗು ಸಿಕ್ಕಿದ ಕೂಡಲೇ ತಾಯಿ ಮೊದಲು ಒಂದು ಏಟು ಕೊಡುವುದಿಲ್ಲವೇ?

ಕಡಿಮೆ ಅಂತರದ ಗೆಲುವೆಲ್ಲ ಕಳಪೆ ಎಂದು ನಾನು ಹೇಳುತ್ತಿಲ್ಲ. 2010ರ ವಿಶ್ವಕಪ್‌ನಲ್ಲಿ ಸ್ಪೇನ್ ಮೊದಲ ಪಂದ್ಯದಲ್ಲೇ ಸ್ವಿಟ್ಜರ್ಲೆಂಡ್‌ಗೆ ಸೋತು, ನಾಕೌಟ್ ಹಂತದ ನಾಲ್ಕೂ ಪಂದ್ಯಗಳನ್ನು 1-0ರಿಂದಲೇ ಗೆದ್ದು ಕಪ್ ಎತ್ತಿತು. ಏಳು ಪಂದ್ಯಗಳಲ್ಲಿ ಹೊಡೆದ ಗೋಲುಗಳು ಎಂಟೇ. ಆದರೂ ಚೆಂಡು ಅವರ ಕಾಲಲ್ಲೇ ಇರುತ್ತಿದ್ದುದರಿಂದ ಎದುರಾಳಿಗೆ ಉಸಿರಾಡಲು ಬಿಡುವಿರಲಿಲ್ಲ. 2004ರ ಯೂರೋ ಕಪ್‌ನಲ್ಲಿ ಗ್ರೀಸ್ ಕ್ವಾರ್ಟರ್ ಫೈನಲ್, ಸೆಮಿಫೈನಲ್, ಫೈನಲ್ ಮೂರನ್ನೂ 1-0ರಿಂದಲೇ ಗೆದ್ದಿತು. ಆ ಆಟ ನನಗೆ ಸೊಗಸೆನಿಸಿರಲಿಲ್ಲ, ಆದರೆ ಗ್ರೀಸಿನವರು ಗೊಣಗಿದ್ದನ್ನು ನಾನಂತೂ ಕೇಳಿಲ್ಲ. ಅವರಿಂದ ಅಷ್ಟನ್ನೂ ಯಾರೂ ಬಯಸಿರಲಿಲ್ಲ.

ನಮ್ಮ ಭಯ ನಿಜವಾಯಿತೇ ಎಂದು ತಾವು ಕೇಳಬಹುದು. ಅರ್ಧ ನಿಜವಾಯಿತು. ಸೆಮಿಫೈನಲ್‌ನಲ್ಲಿ ಮುಂಬೈ ಸಿಟಿಯನ್ನು ಅದರದೇ ಊರಿನಲ್ಲಿ 1-0ರಿಂದ ಸೋಲಿಸಿದ ಬೆಂಗಳೂರು, ತವರಿನಲ್ಲಿ 1-2ರಿಂದ ಸೋತು, ಎರಡೂ ಪಂದ್ಯ ಸೇರಿ 2-2 ಸಮವಾದ್ದರಿಂದ ಕಡೆಗೆ ಪೆನಾಲ್ಟಿ ಶೂಟೌಟ್‌ನಲ್ಲಿ 9-8ರಿಂದ ದಾಟಿಕೊಂಡಿತು. ಅಂದೂ ನಾವು ಬೈದುಕೊಂಡೇ ಮೆಟ್ಟಿಲಿಳಿದೆವು. ಮಾರ್ಚ್ 18ರಂದು ಗೋವಾದ ಫಟೋರ್ಡಾದಲ್ಲಿ ನಡೆದ ಫೈನಲ್‌ನಲ್ಲಿ ಎಟಿಕೆ ಮೋಹನ್ ಬಾಗಾನ್ ಎದುರು ಒಂದು ಗೋಲು ಹಿಂದೆ ಬಿದ್ದ ತಂಡ ಸರಿಸಮನಾಗಿ, 78ನೆಯ ನಿಮಿಷದಲ್ಲಿ ರಾಯ್ ಕೃಷ್ಣ ಅವರ ಗೋಲಿನಿಂದ ಮುಂದೆಯೂ ಹೋಗಿ, ಮತ್ತೆ 2-2 ಆಗಿ, ಪೆನಾಲ್ಟಿಯಲ್ಲಿ ಸೋತಿತು. ಆ ರಾತ್ರಿ ಅದೇ ಮಹಡಿ ಕೋಣೆಯಲ್ಲಿ, ಅದೇ ಏಳು ಜನರಲ್ಲಿ, ಒಬ್ಬನೂ ಬೈಯಲಿಲ್ಲ. ಸುಮ್ಮನೆ ಕೂತು ಮಂಡಕ್ಕಿ ಪೂರ್ತಿ ಖಾಲಿ ಮಾಡಿದೆವು.