ನಾಯಿ ಇದೆ ಎಂದರೆ ಓನರ್ ಫೋನ್ ಇಟ್ಟುಬಿಡುತ್ತಾರೆ

ಪ್ರಶ್ನೆ: ಮನೆಯಲ್ಲಿ ನಾವು ಗಂಡ ಹೆಂಡತಿ, ಜೊತೆಗೆ ನಾಲ್ಕು ವರ್ಷದ ನಾಟಿ ನಾಯಿ ಚಿನ್ನಿ. ನನ್ನ ಕೆಲಸ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಓನರ್ ಮನೆ ಮಾರುತ್ತಿರುವುದರಿಂದ ಎರಡು ತಿಂಗಳಲ್ಲಿ ಖಾಲಿ ಮಾಡಬೇಕು. 18,000 ರೂಪಾಯಿಗಿಂತ ಹೆಚ್ಚು ಬಾಡಿಗೆ ಕೊಡಲಾರೆವು. ಒಂದು ಅಪಾರ್ಟ್‌ಮೆಂಟಿನಲ್ಲಿ ಓನರ್ ಒಪ್ಪಿದರು, ಆದರೆ ಅಸೋಸಿಯೇಷನ್‌ನವರು ‘ಇಲ್ಲಿ ಪ್ರಾಣಿ ಸಾಕುವಂತಿಲ್ಲ’ ಎಂದರು. ಬ್ರೋಕರ್ ಮಾತ್ರ, ಮೊದಲು ಮನೆ ಸೇರಿಕೊಳ್ಳಿ, ನಾಯಿಯನ್ನು ಆಮೇಲೆ ತನ್ನಿ ಎನ್ನುತ್ತಾರೆ. ಏನು ಮಾಡುವುದು?

ಉತ್ತರ: ಒಪ್ಪಿದ ಆ ಓನರ್‌ಗೆ ಇವತ್ತೇ ಮತ್ತೊಮ್ಮೆ ಫೋನ್ ಮಾಡಿ. ಕೈಗೆ ಬಂದ ಮನೆಯನ್ನು ನೀವು ಸುಮ್ಮನೆ ಬಿಟ್ಟಿದ್ದೀರಿ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಅಸೋಸಿಯೇಷನ್ ಬಹುಮತದಿಂದ ಠರಾವು ಮಾಡಿದರೂ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ. ಲಿಫ್ಟ್ ಬಳಸಬೇಡಿ ಎನ್ನುವಂತೆಯೂ ಇಲ್ಲ. ಆ ಮಾರ್ಗಸೂಚಿಯ ಒಂದು ನಕಲನ್ನು ಓನರ್ ಕೈಗೆ ಕೊಡಿ, ಕಾರ್ಯದರ್ಶಿಯ ಹತ್ತಿರ ಅವರೇ ಮಾತಾಡಲಿ. ಬಾಡಿಗೆದಾರ ವಾದಕ್ಕೆ ನಿಂತರೆ ಜಗಳ ಎನ್ನುತ್ತಾರೆ, ಫ್ಲ್ಯಾಟಿನ ಮಾಲೀಕ ಕೇಳಿದರೆ ಅದು ಹಕ್ಕು. ಹೊರಗೆ ಕರೆದೊಯ್ಯುವಾಗ ಹಗ್ಗ ಹಾಕುವುದು, ಕಕ್ಕ ಎತ್ತುವುದು ನಿಮ್ಮ ಕರ್ತವ್ಯ. ಅದರಲ್ಲಿ ರಾಜಿ ಬೇಡ.

ಆದರೆ ಈ ಬಲವೆಲ್ಲ ಅಸೋಸಿಯೇಷನ್ ಎದುರಿಗೆ ಮಾತ್ರ. ನಾಯಿ ಇರುವವರಿಗೆ ಮನೆ ಕೊಡುವುದಿಲ್ಲ ಎಂದು ಓನರ್ ಅಂದರೆ ಆ ಮಾರ್ಗಸೂಚಿ ಉಪಯೋಗಕ್ಕೆ ಬಾರದು. ಹಾಗಾಗಿ ನೀವು ಹುಡುಕಬೇಕಾದ್ದು ಮನೆಗಿಂತ ಮೊದಲು ಸರಿಯಾದ ಓನರನ್ನು. ಕೆಳಗಿನ ಮಹಡಿಯಲ್ಲಿ ತಾವೇ ವಾಸವಿದ್ದು ಮೇಲಿನದನ್ನು ಬಾಡಿಗೆಗೆ ಕೊಡುವವರಿಗೆ ಬೊಗಳುವುದು, ಮೆಟ್ಟಿಲ ಮೇಲಿನ ಕೂದಲು, ಮಡಿ ಎಲ್ಲವೂ ದಿನನಿತ್ಯದ ಸಂಗತಿ. ಅವರನ್ನು ಒಲಿಸಲು ಹೋಗಿ ವಾರಗಳನ್ನು ಕಳೆಯಬೇಡಿ. ಬೇರೆ ಊರಿನಲ್ಲೋ ವಿದೇಶದಲ್ಲೋ ಇರುವ ಓನರಿಗೆ ಬೇಕಾದ್ದು ತಿಂಗಳು ತಿಂಗಳು ಬಾಡಿಗೆ, ಹಾಳಾಗದ ಗೋಡೆ. ಲಿಫ್ಟ್ ಇಲ್ಲದ ಹಳೆಯ ಅಪಾರ್ಟ್‌ಮೆಂಟುಗಳಲ್ಲಿ ಇಂಥವರು ಸಿಗುತ್ತಾರೆ. ಬಾಡಿಗೆಯೂ ನಿಮ್ಮ ಲೆಕ್ಕಕ್ಕೆ ಹತ್ತಿರ. ನಾಲ್ಕನೇ ಮಹಡಿಯ ಖಾಲಿ ಮನೆಯನ್ನು ಯಾರೂ ಕೇಳುವುದಿಲ್ಲ, ಚಿನ್ನಿಗೆ ಹತ್ತಿ ಇಳಿಯುವುದು ಕಷ್ಟವೂ ಅಲ್ಲ.

ಜಾಗದ ಮಾತು. ಬಿಟಿಎಂ, ಎಚ್‌ಎಸ್‌ಆರ್ ಬಡಾವಣೆಗಳ ಕಡೆ ಈ ಹಣಕ್ಕೆ ನಾಯಿಯೂ ಇರಬೇಕೆಂದರೆ ಕಷ್ಟ. 2025ರ ಆಗಸ್ಟ್‌ನಿಂದ ಆರ್.ವಿ. ರಸ್ತೆಯಿಂದ ನಿಮ್ಮ ಎಲೆಕ್ಟ್ರಾನಿಕ್ ಸಿಟಿಯ ಮೂಲಕ ಬೊಮ್ಮಸಂದ್ರದವರೆಗೆ ಹಳದಿ ಮಾರ್ಗದ ಮೆಟ್ರೊ ಓಡುತ್ತಿದೆ. ಹೆಬ್ಬಗೋಡಿ, ಬೊಮ್ಮಸಂದ್ರದಲ್ಲಿ ನೋಡಿ. ನಿಲ್ದಾಣದ ಪಕ್ಕದ ಬೀದಿಯಲ್ಲಿ ದರ ಏರಿಸಿ ಹೇಳುತ್ತಾರೆ. ಒಂದಿಷ್ಟು ನಡೆದು ಒಳಗಿನ ರಸ್ತೆಗಳ ಟು ಲೆಟ್ ಬೋರ್ಡುಗಳನ್ನು ನೋಡುತ್ತಾ ಹೋಗಿ. ಆ್ಯಪ್‌ನಲ್ಲಿ ಬಾರದ ಮನೆಗಳು ಅಲ್ಲೇ ಇರುತ್ತವೆ, ಬ್ರೋಕರಿಗೆ ಕೊಡುವ ಒಂದು ತಿಂಗಳ ಬಾಡಿಗೆಯೂ ಉಳಿಯುತ್ತದೆ.

ಬ್ರೋಕರ್ ಹೇಳಿದ ಉಪಾಯ ಬೇಡವೇ ಬೇಡ. ಚಿನ್ನಿ ಮೊದಲ ರಾತ್ರಿಯೇ ಬೊಗಳಿದರೆ ಗುಟ್ಟು ರಟ್ಟು. ಕರಾರಿನಲ್ಲಿ ಪ್ರಾಣಿ ಸಾಕಬಾರದೆಂಬ ಷರತ್ತಿದ್ದರೆ ಮುರಿದವರು ನೀವೇ. ಆಗ ಬೀಗದ ಕೈ ನಿಮ್ಮ ಹತ್ತಿರ ಇದ್ದರೂ ಅಡ್ವಾನ್ಸ್ ಇರುವುದು ಓನರ್ ಹತ್ತಿರ. ಬ್ರೋಕರಿಗೇನು, ಅವರ ಕಮಿಷನ್ ಅಷ್ಟರಲ್ಲಿ ಜೇಬಿಗೆ ಸೇರಿರುತ್ತದೆ.

ಅದರ ಬದಲು ಮೊದಲ ಫೋನಿನಲ್ಲೇ ನಾಯಿಯ ವಿಷಯ ಹೇಳಿ. ಆದರೆ ಬರೀ ‘ನಾಯಿ ಇದೆ’ ಎನ್ನಬೇಡಿ. ರೇಬಿಸ್ ಲಸಿಕೆಯ ಕಾರ್ಡು, ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದ್ದರೆ ಅದರ ಪತ್ರ, ಪಾಲಿಕೆಯ ಪರವಾನಗಿ, ಚಿನ್ನಿಯ ಒಂದು ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ. ಈಗಿನ ಓನರ್ ನಿಮ್ಮ ಪರವಾಗಿ ನಾಲ್ಕು ಮಾತಾಡಲು ಒಪ್ಪಿದರೆ ಅದು ಎಲ್ಲ ಕಾಗದಕ್ಕಿಂತ ಮೇಲು. ಅವರೇ ಮನೆ ಬಿಡಿಸುತ್ತಿರುವುದರಿಂದ ಕೇಳಲು ಸಂಕೋಚ ಬೇಡ.

ಬೆಂಗಳೂರಿನ ಹಳೆಯ ವಾಡಿಕೆ ಹತ್ತು ತಿಂಗಳ ಅಡ್ವಾನ್ಸ್. ಈಗ ಐದಾರಕ್ಕೆ ಇಳಿಸುವವರೂ ಇದ್ದಾರೆ, ಚೌಕಾಸಿ ಮಾಡಿ. ನಾಯಿಯ ನೆಪದಲ್ಲಿ ಬಾಡಿಗೆ ಹೆಚ್ಚಿಸಿದರೆ ಒಪ್ಪಬೇಡಿ. ಬೇಕಿದ್ದರೆ ವಾಪಸಾಗುವ ಅಡ್ವಾನ್ಸನ್ನೇ ಸ್ವಲ್ಪ ಹೆಚ್ಚಿಸಿ. ಬಾಡಿಗೆ ಮರಳಿ ಬರುವುದಿಲ್ಲ. ಖಾಲಿ ಮಾಡುವಾಗ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಹಿಡಿಯುತ್ತಾರೆ. ಅದರ ಮೇಲೆ ನಾಯಿಯ ಹೆಸರಿನಲ್ಲಿ ಮತ್ತೊಂದು ಹಿಡಿಯದಂತೆ ಸೇರುವ ದಿನವೇ ಬಾಗಿಲು, ಚೌಕಟ್ಟು, ಗೋಡೆಗಳ ವಿಡಿಯೊ ತೆಗೆದು ಓನರಿಗೂ ಕಳಿಸಿಡಿ. ಹನ್ನೊಂದು ತಿಂಗಳ ಕರಾರಿನಲ್ಲಿ ‘ಬಾಡಿಗೆದಾರರ ಒಂದು ಸಾಕುನಾಯಿಗೆ ಮಾಲೀಕರ ಒಪ್ಪಿಗೆ ಇದೆ’ ಎಂಬ ಸಾಲು ಇರಲೇಬೇಕು. ಎರಡನೆಯದನ್ನು ತರುವ ಯೋಚನೆ ಇದ್ದರೆ ‘ಒಂದು’ ಎಂಬಲ್ಲಿ ‘ಎರಡು’ ಎಂದು ಈಗಲೇ ಬರೆಸಿ.