ತಮ್ಮ ಟ್ಯಾಪೆಂಟಡಾಲ್ ಎಂಬ ನೋವಿನ ಮಾತ್ರೆಯನ್ನು ಕರಗಿಸಿ ಚುಚ್ಚಿಕೊಳ್ಳುತ್ತಾನೆ. ಮೂರು ತಿಂಗಳು ಚಟ ಬಿಡಿಸುವ ಸೆಂಟರ್‌ಗೆ ಹಾಕಿದರೆ ಪೂರ್ತಿ ಬಿಡುತ್ತಾನಾ?

ನಿಮ್ಮ ಪ್ರಶ್ನೆಯನ್ನೇ ನಾನೂ ಒಂದು ಕಾಲದಲ್ಲಿ ಕಂಡಕಂಡವರಿಗೆಲ್ಲ ಕೇಳಿದ್ದೇನೆ. ಆ ಕಥೆ ಇರಲಿ. ಈಗ ಇದೇ ನನ್ನ ಕೆಲಸ, ಹಾಗಾಗಿ ಸುತ್ತುಬಳಸದೆ ಹೇಳುತ್ತೇನೆ: ಮೂರು ತಿಂಗಳು ಕೂಡಿಟ್ಟು, ಔಷಧಿಯೇ ಇಲ್ಲದೆ ಮನೆಗೆ ಕಳಿಸುವ ಸೆಂಟರ್‌ಗೆ ಹಾಕಬೇಡಿ. ಏನೂ ಮಾಡದಿರುವುದಕ್ಕಿಂತ ಅದೇ ಅಪಾಯ ಆಗಬಹುದು.

ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳಬೇಕು, ಏಕೆಂದರೆ ಮನೆಯವರು ಎಡವುವುದು ಇಲ್ಲೇ. ಟ್ಯಾಪೆಂಟಡಾಲ್, ಟ್ರಮಡಾಲ್, ಬ್ರೌನ್ ಶುಗರ್ ಎಂಬ ಕಲಬೆರಕೆ ಹೆರಾಯಿನ್, ಎಲ್ಲವೂ ಅಫೀಮಿನಂತೆ ಕೆಲಸ ಮಾಡುವ ಓಪಿಯಾಯ್ಡ್‌ಗಳೇ. ಮೆದುಳಿನಲ್ಲಿ ಇವು ನೋವು ತಣಿಸುವುದರ ಜೊತೆಗೆ ಉಸಿರಾಟ ನಡೆಸುವ ಭಾಗವನ್ನೂ ಮಂಕು ಮಾಡುತ್ತವೆ. ದಿನಾ ತೆಗೆದುಕೊಳ್ಳುತ್ತಾ ಹೋದಂತೆ ಮೈ ಒಗ್ಗಿಕೊಳ್ಳುತ್ತದೆ. ಹೊಸಬನನ್ನು ಕೊಲ್ಲುವಷ್ಟು ಡೋಸ್ ಇವನಿಗೆ ಬರೀ ಕೈಕಾಲು ನೋವು ನಿಲ್ಲಿಸುತ್ತದೆ. ಬಿಟ್ಟ ಒಂದೆರಡು ವಾರದಲ್ಲೇ ಆ ಒಗ್ಗಿಕೊಂಡ ಶಕ್ತಿ ಬಹುಪಾಲು ಇಳಿದುಹೋಗುತ್ತದೆ. ಆದರೆ ಆಸೆ ಇಳಿಯುವುದಿಲ್ಲ. ಹಳೆಯ ಗೆಳೆಯ, ಹಳೆಯ ಗಲ್ಲಿ, ಸಂಬಳದ ದಿನ, ಮನೆಯಲ್ಲೊಂದು ಜಗಳ, ಇಷ್ಟೇ ಸಾಕು. ಅವನು ಅಳತೆ ಮಾಡುವುದು ಹಳೆಯ ಲೆಕ್ಕದಲ್ಲಿ, ಮೈ ಮಾತ್ರ ಹೊಸಬನದು. ಉಸಿರು ನಿಲ್ಲುತ್ತದೆ. ಜೈಲಿನಿಂದ, ಡಿಟಾಕ್ಸ್ (ಮೈಯಿಂದ ಮಾದಕ ಇಳಿಸುವ) ವಾರ್ಡಿನಿಂದ ಹೊರಬಂದ ಮೊದಲ ವಾರಗಳಲ್ಲಿ ಓವರ್‌ಡೋಸ್ ಸಾವು ಹೆಚ್ಚು ಎಂಬುದು ದೇಶದೇಶಗಳಲ್ಲಿ ಮತ್ತೆ ಮತ್ತೆ ಕಂಡದ್ದು. ‘ಕ್ಲೀನ್ ಆಗಿ ಬಂದಿದ್ದಾನೆ’ ಎಂದು ಮನೆಯವರು ನಿರಾಳವಾಗುವ ಹೊತ್ತೇ ಅತಿ ಅಪಾಯದ ಹೊತ್ತು.

ಡಿಟಾಕ್ಸ್ ಅನ್ನುವುದು ಚಿಕಿತ್ಸೆಯ ಮೊದಲ ವಾರ, ಅಷ್ಟೇ. ಬ್ರೌನ್ ಶುಗರ್ ಆದರೆ ಕೊನೆಯ ಡೋಸ್ ಆದ 6ರಿಂದ 12 ಗಂಟೆಯಲ್ಲಿ ಆಕಳಿಕೆ, ಮೂಗು ಕಣ್ಣು ಸೋರುವುದು, ಮೈ ಜುಮ್ಮೆನ್ನುವುದು ಶುರು. ಎರಡು ಮೂರನೇ ದಿನ ಹೊಟ್ಟೆನುಲಿತ, ಭೇದಿ, ವಾಂತಿ, ನಿದ್ದೆಯಿಲ್ಲದ ಒದ್ದಾಟ. ವಾರ ಹತ್ತು ದಿನಕ್ಕೆ ಇಳಿಯುತ್ತದೆ. ನಿಮ್ಮ ತಮ್ಮನ ಮಾತ್ರೆಯದ್ದೂ ಹೆಚ್ಚುಕಡಿಮೆ ಹೀಗೇ. ಇದರಿಂದ ನೇರವಾಗಿ ಸಾಯುವುದು ಅಪರೂಪ, ಆದರೆ ನೀರು ಕಳೆದುಕೊಂಡು ಸಾಯಬಹುದು. ಓಆರ್‌ಎಸ್ ಕುಡಿಸುತ್ತಲೇ ಇರಬೇಕು. ಜೊತೆಗೆ ಆಲ್ಪ್ರಜೋಲಂನಂಥ ನಿದ್ದೆಮಾತ್ರೆ ದಿನಾ ನುಂಗುತ್ತಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ಅದನ್ನು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು.

ನಿಮ್ಮ ಎರಡನೇ ಮಾತು: ‘ಚಟ ಬಿಡಿಸಲು ಬ್ಯುಪ್ರೆನಾರ್ಫಿನ್ ಎಂಬ ಮಾತ್ರೆ ಕೊಡುತ್ತಾರಂತೆ, ಅದೂ ಓಪಿಯಾಯ್ಡೇ ಅಲ್ಲವೇ, ಒಂದು ಚಟ ಬಿಡಿಸಿ ಇನ್ನೊಂದು ಹಚ್ಚಿದಂತೆ.’ ಇದನ್ನು ನಾನು ಒಪ್ಪುವುದಿಲ್ಲ. ಓಪಿಯಾಯ್ಡ್ ಹೌದು. ಆದರೆ ಒಂದು ಮಟ್ಟದ ಮೇಲೆ ಎಷ್ಟು ಹೆಚ್ಚಿಸಿದರೂ ಅದರ ಪರಿಣಾಮ ಏರುವುದಿಲ್ಲ, ಹಾಗಾಗಿ ಒಂಟಿಯಾಗಿ ಅದು ಉಸಿರು ನಿಲ್ಲಿಸುವ ಸಂಭವ ಬಹಳ ಕಡಿಮೆ. ಕುಡಿತ, ನಿದ್ದೆಮಾತ್ರೆ ಬೆರೆತರೆ ಮಾತು ಬೇರೆ. ದಿನಕ್ಕೊಮ್ಮೆ ಸಾಕು, ಸೂಜಿ ಬೇಡ, ಹುಡುಗ ಕೆಲಸಕ್ಕೆ ಹೋಗಬಹುದು. ಫ್ರಾನ್ಸಿನಲ್ಲಿ 1995ರಿಂದ ಸಾಮಾನ್ಯ ವೈದ್ಯರೂ ಇದನ್ನು ಬರೆಯಲು ಶುರು ಮಾಡಿದ ಮೇಲೆ, ನಾಲ್ಕೇ ವರ್ಷದಲ್ಲಿ ಹೆರಾಯಿನ್ ಓವರ್‌ಡೋಸ್ ಸಾವುಗಳು ಐದರಲ್ಲಿ ನಾಲ್ಕು ಪಾಲಿನಷ್ಟು ಇಳಿದವು. 2005ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ.

ಕೆಲಸ ಕೆಡುವುದು ಬ್ಯುಪ್ರೆನಾರ್ಫಿನ್ ಶುರು ಮಾಡುವ ದಿನವೇ. ಹಳೆಯ ಮಾತ್ರೆ ಮೈಯಲ್ಲಿ ಇನ್ನೂ ಇರುವಾಗ ಇದನ್ನು ಕೊಟ್ಟರೆ, ಅದನ್ನು ಹೊರದಬ್ಬಿ ತಾನು ಕೂರುತ್ತದೆ. ಅರ್ಧ ಗಂಟೆ ಒಂದು ಗಂಟೆಯಲ್ಲಿ, ಮೇಲೆ ಹೇಳಿದ ಭೇದಿ, ವಾಂತಿ, ಒದ್ದಾಟದ ಭಯಂಕರ ವಿತ್‌ಡ್ರಾವಲ್. ‘ಆ ಮಾತ್ರೆ ನನಗೆ ಆಗಲ್ಲ’ ಎಂದು ಓಡಿಹೋಗುವವರಲ್ಲಿ ಬಹಳ ಜನ ಹೀಗೆ ಶುರುವಿನಲ್ಲೇ ಎಡವಿದವರು. ಆದ್ದರಿಂದ ಕೊನೆಯ ಡೋಸ್‌ನಿಂದ 12ರಿಂದ 24 ಗಂಟೆ ಕಾಯಬೇಕು, ಸ್ಟ್ರಿಪ್ ಮೇಲೆ ಎಸ್‌ಆರ್ (ಔಷಧಿಯನ್ನು ನಿಧಾನವಾಗಿ ಬಿಡುವ ಮಾತ್ರೆ) ಎಂದಿದ್ದರೆ ಇನ್ನೂ ಹೆಚ್ಚು. ಗಡಿಯಾರಕ್ಕಿಂತ ಮೈಯನ್ನು ನಂಬಬೇಕು: ಕಣ್ಣಪಾಪೆ ಅಗಲವಾಗಿದೆಯಾ, ರೋಮ ಎದ್ದಿದೆಯಾ, ಮೂಗು ಸೋರುತ್ತಿದೆಯಾ. ಆಗ ವೈದ್ಯರು 2 ಅಥವಾ 4 ಮಿಲಿಗ್ರಾಂನಿಂದ ಶುರು ಮಾಡಿ, ಗಂಟೆ ಎರಡು ಗಂಟೆ ನೋಡಿ ಹೆಚ್ಚಿಸುತ್ತಾರೆ. ನಾಲಿಗೆಯ ಕೆಳಗೆ ಇಟ್ಟು ಪೂರ್ತಿ ಕರಗುವವರೆಗೆ, ಐದರಿಂದ ಹತ್ತು ನಿಮಿಷ, ನೀರಿಲ್ಲ, ಮಾತಿಲ್ಲ, ಬೀಡಿ ಇಲ್ಲ. ನುಂಗಿದರೆ ಲಿವರ್ ಅದನ್ನು ಬಹುಪಾಲು ಹಾಳು ಮಾಡಿಬಿಡುತ್ತದೆ. ‘ಔಷಧಿ ಕೆಲಸ ಮಾಡ್ತಿಲ್ಲ’ ಎಂಬ ದೂರಿಗೆ ಅರ್ಧ ಕಾರಣ ಇದೇ. 2 ಮಿಲಿಗ್ರಾಂ ಜೊತೆ 0.5 ಮಿಲಿಗ್ರಾಂ ನಲಾಕ್ಸೋನ್ (ಓಪಿಯಾಯ್ಡ್ ಪರಿಣಾಮ ತಡೆಯುವ ಔಷಧಿ) ಸೇರಿಸಿದ ಮಾತ್ರೆ ಸಿಗುತ್ತದೆ. ನಾಲಿಗೆಯ ಕೆಳಗಿಟ್ಟರೆ ನಲಾಕ್ಸೋನ್ ಸುಮ್ಮನಿರುತ್ತದೆ, ಚುಚ್ಚಿಕೊಂಡರೆ ಕಾಟ ಕೊಡುತ್ತದೆ. ಎಷ್ಟು ದಿನ? ವರ್ಷವಂತೂ ಬೇಕು, ಹಲವರಿಗೆ ಹಲವು ವರ್ಷ. ನಿಲ್ಲಿಸುವ ಆತುರ ಮನೆಯವರದ್ದೇ ಹೆಚ್ಚು.

ಚುಚ್ಚಿಕೊಳ್ಳುವ ವಿಷಯ ಬೇರೆಯೇ. ಹೊಟ್ಟೆಗೆಂದು ಮಾಡಿದ ಮಾತ್ರೆಯಲ್ಲಿ ಟಾಲ್ಕ್, ಸ್ಟಾರ್ಚ್, ಸೆಲ್ಯುಲೋಸ್ ಇರುತ್ತದೆ. ಎಷ್ಟು ಸೋಸಿದರೂ ಪೂರ್ತಿ ಹೋಗುವುದಿಲ್ಲ. ರಕ್ತನಾಳ ಮುಚ್ಚುತ್ತದೆ, ಕೀವಿನ ಗಡ್ಡೆ ಆಗುತ್ತದೆ, ಶ್ವಾಸಕೋಶದಲ್ಲಿ ಕೂರುತ್ತದೆ. ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಮೂರೂ ಪರೀಕ್ಷೆ ಮಾಡಿಸಿ. ಸಿ ಇದ್ದರೆ ಹೆದರಬೇಡಿ, ಹೆಚ್ಚಿನವರಿಗೆ 12 ವಾರದ ಮಾತ್ರೆಯಲ್ಲಿ ಗುಣವಾಗುತ್ತದೆ, ಸರ್ಕಾರಿ ಯೋಜನೆಯಲ್ಲಿ ಉಚಿತ. ಚಳಿಜ್ವರ ಬಂದರೆ ಡೋಲೋ ಕೊಟ್ಟು ಮಲಗಿಸಬೇಡಿ. ಹೃದಯದ ಕವಾಟಕ್ಕೆ ಸೋಂಕು ತಗುಲಿರಬಹುದು, ಆಸ್ಪತ್ರೆಗೆ ಹೋಗಿ ಚುಚ್ಚಿಕೊಳ್ಳುವ ವಿಷಯ ಬಾಯಿಬಿಟ್ಟು ಹೇಳಿ.

ಮನೆಯಲ್ಲೇ ಬಿದ್ದಿದ್ದಾನೆ ಅಂದುಕೊಳ್ಳಿ: ಕರೆದರೆ ಏಳುವುದಿಲ್ಲ, ಕಣ್ಣಪಾಪೆ ಸೂಜಿಮೊನೆಯಷ್ಟು, ತುಟಿ ನೀಲಿ, ಗೊರಗೊರ ಸದ್ದು. 108ಕ್ಕೆ ಫೋನ್ ಮಾಡಿ, ತಲೆ ಹಿಂದಕ್ಕೆ ಬಾಗಿಸಿ, ಮೂಗು ಮುಚ್ಚಿ, ಐದು ಸೆಕೆಂಡಿಗೊಮ್ಮೆ ಬಾಯಿಗೆ ಬಾಯಿಟ್ಟು ಉಸಿರು ಕೊಡಿ. ತಾನಾಗಿ ಸರಿಯಾಗಿ ಉಸಿರಾಡುತ್ತಿದ್ದರೆ ಮಗ್ಗುಲಾಗಿ ಮಲಗಿಸಿ. ಹಾಲು, ಉಪ್ಪುನೀರು, ತಲೆಗೆ ತಣ್ಣೀರು ಯಾವುದೂ ಬೇಡ. ನಲಾಕ್ಸೋನ್ ಇಂಜೆಕ್ಷನ್ ಕೆಲವೇ ನಿಮಿಷದಲ್ಲಿ ಎಬ್ಬಿಸುತ್ತದೆ, ಆದರೆ ಅದರ ಶಕ್ತಿ 30ರಿಂದ 90 ನಿಮಿಷ ಮಾತ್ರ. ಎದ್ದು ಕೂತ ಎಂದು ಮನೆಗೆ ಕರೆತಂದರೆ ಮತ್ತೆ ಉಸಿರು ಇಳಿಯಬಹುದು.

ಚಿಕಿತ್ಸೆಗೆ ಹೋದರೆ ಪೊಲೀಸರು ಹಿಡಿಯುತ್ತಾರಾ ಎಂಬ ಭಯವನ್ನೂ ಹೇಳಿಕೊಂಡಿದ್ದೀರಿ. 2018ರಲ್ಲಿ ಟ್ರಮಡಾಲ್ ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯಡಿ ಬಂತು, ಚಟದ ಪೇಟೆ ಟ್ಯಾಪೆಂಟಡಾಲ್ ಕಡೆ ವಾಲಿತು. ಒಂದನ್ನು ಬಿಗಿ ಮಾಡಿದರೆ ಇನ್ನೊಂದು ಎದ್ದೇಳುವುದು ಈ ದಂಧೆಯ ಗುಣ. ಚಿಕಿತ್ಸೆಗೆ ತಾನಾಗಿ ಬಂದ ವ್ಯಸನಿಗೆ, ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿ, ಅದೇ ಕಾಯ್ದೆಯ 64ಎ ಸೆಕ್ಷನ್ ರಕ್ಷಣೆ ಕೊಡುತ್ತದೆ. ಇನ್ನು ‘ಕೂಡಿಡುವುದು’: 2017ರ ಮಾನಸಿಕ ಆರೋಗ್ಯ ಕಾಯ್ದೆ ವ್ಯಸನಕ್ಕೂ ಅನ್ವಯಿಸುತ್ತದೆ. ಒಪ್ಪದವನನ್ನು ನಿಗದಿತ ಷರತ್ತುಗಳಿದ್ದರೆ ಮಾತ್ರ, ಮೊದಲಿಗೆ 30 ದಿನದವರೆಗೆ ದಾಖಲಿಸಬಹುದು; ಸರಪಳಿ ಹಾಕುವಂತಿಲ್ಲ. ಸೆಂಟರ್‌ನಲ್ಲಿ ಮನೋವೈದ್ಯರು ಇದ್ದಾರಾ, ಬ್ಯುಪ್ರೆನಾರ್ಫಿನ್ ಕೊಡುತ್ತಾರಾ, ಮನೆಯವರು ಯಾವಾಗ ಬೇಕಾದರೂ ನೋಡಬಹುದಾ? ಮೂರಕ್ಕೂ ಹೌದು ಅನ್ನದಿದ್ದರೆ ಗೇಟಿನಿಂದಲೇ ವಾಪಸ್ ಬನ್ನಿ.

ಬೆಂಗಳೂರಿಗೆ ಹತ್ತಿರವಿದ್ದರೆ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗ, ಉತ್ತರ ಕರ್ನಾಟಕವಾದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್. ಮೊದಲು ಮಾತಾಡಬೇಕೆಂದರೆ ಸಹಾಯವಾಣಿ 14446 ಅಥವಾ 14416. ಹೋಗುವಾಗ ಖಾಲಿ ಸ್ಟ್ರಿಪ್‌ಗಳನ್ನು ಬಿಸಾಡದೆ ತೆಗೆದುಕೊಂಡು ಹೋಗಿ. ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಎಂಬುದರ ಮೇಲೆಯೇ ಮೊದಲ ಡೋಸ್ ನಿಂತಿರುತ್ತದೆ. ಅಂಗಡಿಯಲ್ಲಿ ‘ಗೊತ್ತಾಗದಂತೆ ಊಟಕ್ಕೆ ಬೆರೆಸಿ’ ಎಂದು ಕೊಡುವ ಪುಡಿ ಮುಟ್ಟಬೇಡಿ. ಕೆಲವದರಲ್ಲಿ ಡೈಸಲ್ಫಿರಾಂ ಇರಬಹುದು. ಅದು ಕುಡಿತಕ್ಕೆ ಕೊಡುವ ಔಷಧಿ, ಮಾತ್ರೆ ಚಟಕ್ಕೆ ಏನೂ ಮಾಡದು, ಅವನು ಗೊತ್ತಿಲ್ಲದೆ ಎರಡು ಪೆಗ್ ಹಾಕಿದರೆ ಐಸಿಯುಗೆ ಹೋಗಬೇಕಾಗಬಹುದು. ಮನೆಗೆ ಕೊಡುವ ಬ್ಯುಪ್ರೆನಾರ್ಫಿನ್ ಸ್ಟ್ರಿಪ್ ನಿಮ್ಮ ಕೈಯಲ್ಲಿರಲಿ, ಬೀಗದೊಳಗೆ, ಮಕ್ಕಳಿಗೆ ಎಟುಕದಂತೆ. ದಿನಾ ಬೆಳಿಗ್ಗೆ ನಿಮ್ಮೆದುರೇ ನಾಲಿಗೆಯ ಕೆಳಗಿಡಲಿ.