ಆ ಫ್ಯಾನ್ ರಿಪೇರಿ ಆಯ್ತಾ?

ಬೆಳಗಾವಿಯ ಉದ್ಯಮಬಾಗದಿಂದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಬೇಡ ಅಂದಿದ್ದಾರೆ, ಹಾಕಿಲ್ಲ. ಪತ್ರ ಉದ್ದವಿತ್ತು, ಮುಖ್ಯ ಭಾಗ ಇಷ್ಟು:

"ಅಪ್ಪ ಕಟ್ಟಿದ, ಲೋಹದ ಎರಕ ಹೊಯ್ಯುವ ಸಣ್ಣ ಫೌಂಡ್ರಿಯನ್ನು ಮೂರು ವರ್ಷದಿಂದ ನಾನು ನೋಡಿಕೊಳ್ಳುತ್ತಿದ್ದೇನೆ. 62 ಜನ ಕೆಲಸಗಾರರು, ಅದರಲ್ಲಿ ಕೋರ್ (ಎರಕದೊಳಗೆ ಟೊಳ್ಳು ಬಿಡಿಸುವ ಮರಳಿನ ಅಚ್ಚು) ಮಾಡುವ 9 ಹೆಣ್ಣುಮಕ್ಕಳು. ಸೂಪರ್‌ವೈಸರ್ ಅಪ್ಪನ ಕಾಲದವರು. ಬಾಯಿ ಜೋರು, ಆದರೆ ಕೆಲಸ ತೆಗೆಯುತ್ತಾರೆ. ಪುಣೆಯಲ್ಲಿ ಎಂಬಿಎ ಓದುವಾಗ ಕಲಿತದ್ದನ್ನೆಲ್ಲ ಮಾಡಿ ನೋಡಿದೆ. ತಿಂಗಳಿಗೊಮ್ಮೆ ಹುಟ್ಟುಹಬ್ಬದ ಕೇಕ್, ಯೋಗ ದಿನ, ಗೇಟಿನ ಹತ್ತಿರ 'ಕಾಯಕವೇ ಕೈಲಾಸ' ಬೋರ್ಡ್, ಸಲಹೆ ಪೆಟ್ಟಿಗೆ. ಆರು ತಿಂಗಳಲ್ಲಿ ಪೆಟ್ಟಿಗೆಗೆ ಬಿದ್ದದ್ದು ಎರಡೇ ಚೀಟಿ. ಒಂದು ಖಾಲಿ. ಇನ್ನೊಂದರಲ್ಲಿ ಫೆಟ್ಲಿಂಗ್ ಕಡೆ ಫ್ಯಾನ್ ಕೆಟ್ಟಿದೆ ಅಂತ. ಉಪಯೋಗಕ್ಕೆ ಬರುವ ಸಲಹೆ ಒಂದೂ ಇಲ್ಲ. ಈ ವರ್ಷ 14 ಜನ ಕೆಲಸ ಬಿಟ್ಟರು. ಯಾಕೆ ಅಂತ ಯಾರೂ ಹೇಳುವುದಿಲ್ಲ. ಒಳ್ಳೆಯ ವಾತಾವರಣ ಕಟ್ಟುವುದು ಹೇಗೆ?"

ನಮಸ್ಕಾರ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ಆ ಫ್ಯಾನಿನ ಹತ್ತಿರ ನಿಂತುಬಿಟ್ಟೆ. ಅದು ರಿಪೇರಿ ಆಯ್ತಾ? ಪತ್ರದಲ್ಲಿ ಎಲ್ಲೂ ಇಲ್ಲ.

ಫೆಟ್ಲಿಂಗ್ ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಬೇರೆ ಓದುಗರಿಗಾಗಿ ಹೇಳುತ್ತೇನೆ. ಎರಕ ಹೊಯ್ದು ಆರಿದ ಮೇಲೆ ಅದರ ಅಂಚು, ಹೆಚ್ಚಿನ ಲೋಹ ಎಲ್ಲವನ್ನೂ ಗ್ರೈಂಡರಿನಿಂದ ಉಜ್ಜಿ ತೆಗೆಯುವ ಜಾಗ ಅದು. ದಿನವಿಡೀ ಧೂಳು. ಎರಕಕ್ಕೆ ಅಂಟಿಕೊಂಡ ಮರಳು ಪುಡಿಯಾಗಿ ಏಳುತ್ತದೆ. ಆ ಧೂಳು ವರ್ಷಗಟ್ಟಲೆ ಎದೆಯೊಳಗೆ ಹೋದರೆ ಸಿಲಿಕೋಸಿಸ್ ಬರುತ್ತದೆ. ಒಮ್ಮೆ ಬಂದರೆ ಅದನ್ನು ಗುಣ ಮಾಡುವ ಮದ್ದಿಲ್ಲ. ಕೆಟ್ಟದ್ದು ಸುಮ್ನೆ ಗಾಳಿ ಬೀಸುವ ಫ್ಯಾನೋ, ಧೂಳು ಹೊರಗೆ ಎಳೆಯುವ ಎಕ್ಸಾಸ್ಟ್ ಫ್ಯಾನೋ ನೀವು ಬರೆದಿಲ್ಲ. ಎರಡನೆಯದಾದರೆ, ನಿಮ್ಮ ಪೆಟ್ಟಿಗೆಗೆ ಬಂದ ಆ ಒಂದೇ ಚೀಟಿ ಲಕ್ಷ ರೂಪಾಯಿಯ ಸಲಹೆ.

ಇನ್ನು ಆ 14 ಜನ. ಯಾಕೆ ಬಿಟ್ಟರು ಅಂತ ಅವರು ಹೇಳಿಯೇ ಇರುತ್ತಾರೆ. ಗೇಟಿನ ಎದುರು ಚಾ ಮಾರುವವನಿಗೆ ಗೊತ್ತಿರುತ್ತದೆ, ಪಕ್ಕದ ಫೌಂಡ್ರಿಯವರಿಗೂ ಗೊತ್ತಿರುತ್ತದೆ. ಸುದ್ದಿ ನಿಮ್ಮ ಮೇಜಿನ ತನಕ ಬಂದಿಲ್ಲ ಅಷ್ಟೇ. ನನಗೆ ಕಾಣುವ ತೊಂದರೆ ಇದೊಂದೇ: ನಿಮ್ಮಲ್ಲಿ ಕೆಟ್ಟ ಸುದ್ದಿ ಮೇಲಕ್ಕೆ ಹತ್ತುತ್ತಿಲ್ಲ.

ಹೀಗೆ ಬರೆಯುವ ನಾನೇನು ಸಾಚಾ ಅಲ್ಲ. ಕೆಲವು ವರ್ಷದ ಹಿಂದೆ ನಮ್ಮ ದೀಪಾವಳಿ ಸಂಚಿಕೆಯಲ್ಲಿ ಎರಡು ಫೋಟೋಗಳ ಅಡಿಬರಹ ಅದಲುಬದಲಾಗಿತ್ತು. ತೀರಿಕೊಂಡ ಹಿರಿಯರ ಹೆಸರು ಬದುಕಿರುವವರ ಕೆಳಗೆ. ಅಚ್ಚಾಗಿ, ಕಟ್ಟು ಕಟ್ಟಿ, ಬಸ್ಸಿಗೆ ಹಾಕಿ ಆಗಿತ್ತು. ಪುಟ ಕೂಡಿಸಿದ ಹುಡುಗನನ್ನು ಕರೆದು ಕೇಳಿದರೆ, "ನೋಡಿದ್ದೆ ಸರ್" ಅಂದ. ಮತ್ಯಾಕೆ ಹೇಳಲಿಲ್ಲ? ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋದ ತಿಂಗಳು ಹೇಳಿದಾಗ ಬೈದಿದ್ರಿ" ಅಂದ. ನನಗೆ ನೆನಪೇ ಇರಲಿಲ್ಲ. ಬೈದವನಿಗೆ ಅದು ಎರಡು ನಿಮಿಷದ ಮಾತು. ಕೇಳಿಸಿಕೊಂಡವನು ಅದನ್ನು ಮನೆಗೆ ಒಯ್ಯುತ್ತಾನೆ. ಆ ಸಲ ಕ್ಷಮೆ ಕೇಳಲು ಎರಡು ಮನೆ ಹತ್ತಿ ಇಳಿದೆ. ಒಂದು ಮನೆಯಲ್ಲಿ ಚಾ ಕೂಡ ಕೊಡಲಿಲ್ಲ. ಕೊಡಬಾರದಿತ್ತು ಕೂಡ.

ನಮ್ಮಲ್ಲಿ ತಪ್ಪಿದ್ದು ಅಡಿಬರಹ. ನಿಮ್ಮಲ್ಲಿ ತಪ್ಪಿದರೆ ಅಷ್ಟಕ್ಕೇ ನಿಲ್ಲುವುದಿಲ್ಲ. ಬೆಳಗಾವಿಯ ಮಳೆ ನಿಮಗೆ ಗೊತ್ತು. ಜುಲೈಯಲ್ಲಿ ಅಂಗಳದ ಸ್ಕ್ರ್ಯಾಪ್ ಒಣಗಿರುವುದೇ ಅಪರೂಪ. ಫರ್ನೆಸ್ಸಿನಲ್ಲಿ ಕಬ್ಬಿಣ 1400 ಡಿಗ್ರಿ ದಾಟಿ ಕರಗಿ ನಿಂತಿರುತ್ತದೆ. ಒದ್ದೆ ಸ್ಕ್ರ್ಯಾಪ್ ಅದರೊಳಗೆ ಮುಳುಗಿದರೆ ನೀರು ಕಣ್ಣು ಮಿಟುಕಿಸುವಷ್ಟರಲ್ಲಿ ಆವಿಯಾಗುತ್ತದೆ. ನೀರು ಆವಿಯಾದರೆ ಅದಕ್ಕೆ ಸುಮಾರು 1,600 ಪಟ್ಟು ಜಾಗ ಬೇಕು. ಕರಗಿದ ಲೋಹ ಹೊರಗೆ ಸಿಡಿಯುತ್ತದೆ. ಈಗ ಯೋಚಿಸಿ. ಸ್ಕ್ರ್ಯಾಪ್ ಹಾಕುವ ಹುಡುಗನಿಗೆ ಕೈ ಮುಟ್ಟಿದಾಗಲೇ ಒದ್ದೆ ಅಂತ ಗೊತ್ತಾಗುತ್ತದೆ. ಲಾರಿ ಕಾಯುತ್ತಿದೆ, ಸೂಪರ್‌ವೈಸರ್ ಕೂಗುತ್ತಿದ್ದಾರೆ. ಅವನು "ಸಾಹೇಬ್ರ, ಇದು ಒದ್ದಿ ಐತ್ರಿ" ಅಂತ ಹೇಳಿ ನಿಲ್ಲಿಸುತ್ತಾನಾ, ಬಾಯಿ ಮುಚ್ಚಿಕೊಂಡು ಹಾಕುತ್ತಾನಾ? ನಿಮ್ಮ ಫೌಂಡ್ರಿಯ ವಾತಾವರಣ ಹೇಗಿದೆ ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ಕೇಕಿಗೆ ಎಲ್ಲರೂ ಬಂದೇ ಬರುತ್ತಾರೆ.

ಎಂಬಿಎಯಲ್ಲಿ ಹಾರ್ವರ್ಡ್ ಪ್ರೊಫೆಸರ್ ಏಮಿ ಎಡ್ಮಂಡ್ಸನ್ ಹೆಸರು ಕೇಳಿರಬಹುದು. 1990ರ ದಶಕದಲ್ಲಿ ಅವರು ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ನೋಡುತ್ತಿದ್ದರು. ಒಳ್ಳೆಯ ತಂಡದಲ್ಲಿ ತಪ್ಪು ಕಡಿಮೆ ಇರಬೇಕು ಅಂತ ಅವರ ಎಣಿಕೆ. ಲೆಕ್ಕ ಉಲ್ಟಾ ಬಂತು. ಒಳ್ಳೆಯ ತಂಡಗಳ ಪಟ್ಟಿಯಲ್ಲೇ ತಪ್ಪು ಜಾಸ್ತಿ. ಆಮೇಲೆ ಕಾರಣ ಹೊಳೆಯಿತು. ಆ ತಂಡಗಳವರು ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದರು. ಹಾಗಾಗಿ ಕೆಟ್ಟ ಎರಕಗಳ ಲೆಕ್ಕ ಬರೆಯುವ ನಿಮ್ಮ ರಿಜೆಕ್ಷನ್ ರಿಜಿಸ್ಟರಿನಲ್ಲಿ ಒಂದು ತಿಂಗಳು ಸಂಖ್ಯೆ ದಿಢೀರ್ ಅಂತ ಇಳಿದರೆ ತಕ್ಷಣ ಪೇಢೆ ಹಂಚಬೇಡಿ. ಮೊದಲು ಶೆಡ್ಡಿನ ಹಿಂದೆ ಹೋಗಿ ನೋಡಿ ಬನ್ನಿ.

ಟೊಯೋಟಾ ಕಾರ್ಖಾನೆಯ ಹಗ್ಗದ ಕಥೆಯನ್ನು ಎಲ್ಲ ಮ್ಯಾನೇಜ್‌ಮೆಂಟ್ ಮೇಷ್ಟ್ರುಗಳೂ ಹೇಳುತ್ತಾರೆ. ತಪ್ಪು ಕಂಡ ಕೆಲಸಗಾರ ಹಗ್ಗ ಎಳೆದರೆ ಮುಖಂಡ ಓಡಿ ಬರುತ್ತಾನೆ, ಅಲ್ಲೇ ಸರಿಯಾಗದಿದ್ದರೆ ಕಾರು ಜೋಡಿಸುವ ಸಾಲೇ ನಿಲ್ಲುತ್ತದೆ. ಆದರೆ ಈ ವಿಚಾರದ ಬೇರು ಕಾರಿನಲ್ಲಿಲ್ಲ, ಮಗ್ಗದಲ್ಲಿದೆ. ಟೊಯೋಟಾ ಕಾರು ಕಂಪನಿ ಕಟ್ಟಿದವರ ಅಪ್ಪ ಸಾಕಿಚಿ ಟೊಯೋಡಾ 1924ರಲ್ಲಿ ಪೂರ್ತಿ ಮಾಡಿದ ಮಗ್ಗ, ನೂಲು ಹರಿದರೆ ತಾನೇ ನಿಲ್ಲುತ್ತಿತ್ತು. ನಮ್ಮ ವಡಗಾವಿ, ಖಾಸಬಾಗಿನ ನೇಕಾರರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ನೂಲು ಹರಿದ ಮೇಲೂ ಮಗ್ಗ ಓಡಿದರೆ ಎಷ್ಟು ಮೊಳ ಸೀರೆ ಹಾಳು ಅಂತ ಅವರಿಗೆ ಗೊತ್ತು. ಜಪಾನಿನ ತನಕ ಹೋಗದೆ ಒಂದು ದಿನ ಹಳೆ ಬೆಳಗಾವಿ ಕಡೆ ಹೋಗಿ ಬಂದರೂ ಸಾಕು.

ಬೋರ್ಡಿನ ಬಗ್ಗೆ ಒಂದು ಮಾತು. 'ಕಾಯಕವೇ ಕೈಲಾಸ' ಬಸವಣ್ಣನವರ ಮಾತು ಅಂತ ಬಹಳ ಜನ ತಿಳಿದಿದ್ದಾರೆ. ಅದು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಬಿದ್ದ ಅಕ್ಕಿ ಆಯುವುದು ಅವನ ಕಾಯಕ. ಒಂದು ದಿನ ಅವನು ಬೇಕಾದದ್ದಕ್ಕಿಂತ ಜಾಸ್ತಿ ಅಕ್ಕಿ ತಂದಾಗ, ಇದು ಆಸೆ, ತಂದಲ್ಲೇ ಸುರಿದು ಬಾ ಅಂದವಳು ಅವನ ಹೆಂಡತಿ ಲಕ್ಕಮ್ಮ. ಅವನು ಸಿಟ್ಟಾಗಲಿಲ್ಲ, ಹೋಗಿ ಸುರಿದು ಬಂದ. ಮಾರಯ್ಯನ ಮಾತನ್ನು ನಾವು ಗೋಡೆಗೆ ಹಾಕಿದ್ದೇವೆ, ಲಕ್ಕಮ್ಮನನ್ನು ಮರೆತಿದ್ದೇವೆ. ನಿಮ್ಮ ಫೌಂಡ್ರಿಯಲ್ಲಿ ನಿಮಗೆ "ಇದು ತಪ್ಪು" ಅನ್ನುವ ಲಕ್ಕಮ್ಮ ಯಾರಾದರೂ ಇದ್ದಾರಾ?

ಈಗ ಸೂಪರ್‌ವೈಸರ್ ವಿಷಯ. ಪತ್ರದಲ್ಲಿ ನೀವು ಒಂದೇ ಸಾಲಿನಲ್ಲಿ ದಾಟಿಸಿದ್ದೀರಿ. ನನಗೆ ಇದೇ ದೊಡ್ಡದು ಅನ್ನಿಸಿತು. ಅವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಬಹುಶಃ ನಿಮ್ಮಲ್ಲಿದ್ದ, ಮರಳಿನ ಅಚ್ಚು ಮಾಡುವ ಅತ್ಯುತ್ತಮ ಮೋಲ್ಡರ್ ಅವರು, ಅದಕ್ಕೇ ಅಪ್ಪ ಬಡ್ತಿ ಕೊಟ್ಟರು. ಮರಳು ಹದ ಮಾಡುವುದು ಅವರಿಗೆ ಗೊತ್ತು, ಮನುಷ್ಯರನ್ನು ಹದ ಮಾಡುವುದನ್ನು ಯಾರೂ ಕಲಿಸಿಲ್ಲ. ಅವರ ಕಾಲದಲ್ಲಿ ಅವರೂ ಬೈಸಿಕೊಂಡೇ ಬೆಳೆದಿರುತ್ತಾರೆ. ಮೇಲಾಗಿ ಸಂಜೆ ನೀವು ಅವರನ್ನು ಏನು ಕೇಳುತ್ತೀರಿ? ಎಷ್ಟು ಟನ್ ಆಯ್ತು, ಲಾರಿ ಹೋಯ್ತಾ. ಅಷ್ಟೇ ಅಲ್ವಾ? ಹಾಗಾದರೆ ಅವರು ಟನ್ನನ್ನೇ ತಂದು ಕೊಡುತ್ತಾರೆ, ಹೇಗಾದರೂ ಮಾಡಿ. ನಾಳೆಯಿಂದ ಇನ್ನೊಂದು ಪ್ರಶ್ನೆ ಸೇರಿಸಿ: "ಕಾಕಾ, ಇವತ್ತು ಯಾರು ಏನು ತೊಂದರೆ ಹೇಳಿದರು?" ಮೊದಲ ವಾರ "ಏನೂ ಇಲ್ಲವ್ವ" ಅನ್ನುತ್ತಾರೆ. ಬಿಡಬೇಡಿ. ಎಲ್ಲರೆದುರು ಅವರನ್ನು ತಿದ್ದಲು ಹೋಗಬೇಡಿ, ಅವರು ಮಾಡುವ ತಪ್ಪನ್ನೇ ನೀವು ಅವರಿಗೆ ಮಾಡಿದಂತಾಗುತ್ತದೆ. ಇಷ್ಟೆಲ್ಲ ಆದ ಮೇಲೂ ತಾಯಿ ತಂಗಿ ಸೇರಿಸಿ ಬೈಯುವುದು ನಿಲ್ಲದಿದ್ದರೆ, ಟನ್ ಎಷ್ಟೇ ಬರಲಿ, ಅವರನ್ನು ಆ ಜಾಗದಿಂದ ತೆಗೆಯಬೇಕು. ಅಪ್ಪನಿಗೆ ಬೇಜಾರಾಗುತ್ತದೆ. ಆಗಲಿ.

ಉಳಿದದ್ದನ್ನು ಚುಟುಕಾಗಿ ಹೇಳುತ್ತೇನೆ. ಪಗಾರ 7ನೇ ತಾರೀಖಿನೊಳಗೆ ಆಗಬೇಕು, ಓವರ್‌ಟೈಮಿಗೆ ಎರಡು ಪಟ್ಟು ಕೊಡಬೇಕು. ಇದು ನಿಮ್ಮ ದೊಡ್ಡತನವಲ್ಲ, ಕಾಯ್ದೆ. ಸೂಚನೆಗಳು ಇಂಗ್ಲಿಷಿನಲ್ಲಿದ್ದರೆ ತೆಗೆದುಹಾಕಿ. ಉದ್ಯಮಬಾಗದಲ್ಲಿ ಕನ್ನಡ, ಮರಾಠಿ, ಹಿಂದಿ ಮೂರೂ ಬೇಕು. ಓದು ಬಾರದವರಿಗೆ ಬಾಯಿಂದಲೇ ಹೇಳಬೇಕು. ಭರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡ, ಗಣೇಶ ಹಬ್ಬ, ಊರ ಜಾತ್ರೆ ಇವೆಲ್ಲ ಕ್ಯಾಲೆಂಡರಿನಲ್ಲಿ ಮೊದಲೇ ಇರುತ್ತವೆ. ಆದರೂ ಪ್ರತಿ ವರ್ಷ ಸೂಟಿ ಕೇಳಿದಾಗ ಜಗಳ. ಕೊಡದಿದ್ದರೆ ಅವರು ಹೇಳದೆ ಹೋಗುತ್ತಾರೆ, ಎಲ್ಲಮ್ಮನಿಗಿಂತ ನೀವು ದೊಡ್ಡವರಲ್ಲ. ತಿಂಗಳ ಮೊದಲೇ ಯಾರು ಯಾವಾಗ ಅಂತ ಅವರೇ ಕೂತು ಹಂಚಿಕೊಳ್ಳಲಿ.

ಹೆಣ್ಣುಮಕ್ಕಳು 9 ಜನ ಮಾತ್ರ, ಹಾಗಾಗಿ ಲೈಂಗಿಕ ಕಿರುಕುಳದ ದೂರು ಸಮಿತಿ ಬೇಡ ಅಂತ ಯಾರಾದರೂ ಹೇಳಿದ್ದರೆ ನಂಬಬೇಡಿ. 2013ರ ಕಾಯ್ದೆ ಗಂಡು ಹೆಣ್ಣು ಎಲ್ಲ ಸೇರಿ 10 ಜನ ಕೆಲಸಗಾರರಿದ್ದರೆ ಆಂತರಿಕ ಸಮಿತಿ ಇರಲೇಬೇಕು ಅನ್ನುತ್ತದೆ. ಅಧ್ಯಕ್ಷರು ಹೆಣ್ಣುಮಗಳೇ ಆಗಿರಬೇಕು, ಹೊರಗಿನವರೊಬ್ಬರು ಸದಸ್ಯರಾಗಿರಬೇಕು. ಹೆಸರುಗಳನ್ನು ಕೋರ್ ಶಾಪಿನ ಗೋಡೆಗೆ ಹಚ್ಚಿ, ನಿಮ್ಮ ಕ್ಯಾಬಿನ್ನಿನ ಗೋಡೆಗಲ್ಲ.

ಕೇಕ್ ನಿಲ್ಲಿಸಬೇಡಿ. ಮಕ್ಕಳಿಗೆ ಅಂತ ಕಾಗದದಲ್ಲಿ ಕಟ್ಟಿಕೊಂಡು ಹೋಗುವವರು ಇರುತ್ತಾರೆ. ಯೋಗದ ಬಗ್ಗೆ ನನಗೆ ಅನುಮಾನ ಇದೆ. ದಿನವಿಡೀ ಎರಕದ ಭಾರ ಎತ್ತುವವರಿಗೆ ಅದರ ಬದಲು ಅರ್ಧ ಗಂಟೆ ಕಾಲು ಚಾಚಿ ಮಲಗಲು ಜಾಗ ಕೊಡಿ.

ಈ ಪತ್ರಿಕೆ ನಿಮ್ಮ ಕೈಗೆ ಬರುವಷ್ಟರಲ್ಲಿ ಎಲೆಕ್ಟ್ರಿಶಿಯನ್ ಬಂದು ಹೋಗಿರಲಿ. ಫ್ಯಾನ್ ತಿರುಗುವಾಗ ನೀವು ಅಲ್ಲೇ ನಿಂತು, ಚೀಟಿ ಬಂದಿತ್ತು, ತಡವಾಯ್ತು, ನನ್ನದೇ ತಪ್ಪು ಅಂತ ಹೇಳಿ. ಯಾರು ಬರೆದದ್ದು ಅಂತ ಕೇಳಬೇಡಿ. ಆಮೇಲೆ ಪೆಟ್ಟಿಗೆಗೆ ಮೂರನೇ ಚೀಟಿ ಬಿದ್ದರೆ ನನಗೊಂದು ಸಾಲು ಬರೆಯಿರಿ.

— ಸಂಪಾದಕ